ಕಾಯುವ ಕಾನೂನು

ಗರ್ಭಪಾತ ಪಾಪ ಎನ್ನುವವರನ್ನು ಕೇಳಿ, ಅದು ಹೆಣ್ಣಿನ ಹಕ್ಕು ಎನ್ನುವವರನ್ನು ಕೇಳಿ, ಒಂದು ಮಾತಿಗೆ ಇಬ್ಬರೂ ತಲೆಯಾಡಿಸುತ್ತಾರೆ: ತಾಯಿಯ ಜೀವಕ್ಕೇ ಕುತ್ತು ಬಂದರೆ ಆ ಪ್ರಶ್ನೆಯೇ ಬೇರೆ. ಟಿವಿ ಚರ್ಚೆಯಲ್ಲಿ ಕೂಗಾಡಿ ಸುಸ್ತಾದವರೆಲ್ಲ ಕೊನೆಗೆ ಬಂದು ಕೂರುವ ಕಟ್ಟೆ ಇದು. ಎಷ್ಟೋ ದೇಶಗಳ ಕಾನೂನೂ ಇದೇ ಕಟ್ಟೆಯ ಮೇಲೆ ಕೂತಿದೆ. ನನ್ನ ತಕರಾರು ಈ ಕಟ್ಟೆಯ ಬಗ್ಗೆಯೇ. ‘ಜೀವಕ್ಕೆ ಅಪಾಯವಿದ್ದರೆ ಮಾತ್ರ’ ಎಂದು ಬರೆದ ಕಾನೂನು ಹೊರಗಿನಿಂದ ಕರುಣೆಯ ಹಾಗೆ ಕಾಣುತ್ತದೆ. ಹೆರಿಗೆ ವಾರ್ಡಿನೊಳಗೆ ಅದು ಮಾಡುವ ಕೆಲಸ ಬೇರೆ. ಬೆಳಗಾವಿಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

2012ರ ಅಕ್ಟೋಬರ್ 21, ಭಾನುವಾರ. ಐರ್ಲೆಂಡಿನ ಗಾಲ್ವೇ ಊರಿನ ಯೂನಿವರ್ಸಿಟಿ ಆಸ್ಪತ್ರೆಗೆ ಸವಿತಾ ಹಾಲಪ್ಪನವರ ಬೆನ್ನುನೋವೆಂದು ಬಂದರು. ವಯಸ್ಸು 31, ವೃತ್ತಿಯಲ್ಲಿ ದಂತವೈದ್ಯೆ, ಬೆಳಗಾವಿಯಲ್ಲಿ ಬೆಳೆದು ಓದಿದವರು. ಚೊಚ್ಚಲ ಬಸಿರು, 17 ವಾರ. ಮಗಳನ್ನು ನೋಡಲೆಂದು ತಂದೆ ತಾಯಿ ಊರಿಂದ ಬಂದಿದ್ದರು. ಮೊದಲ ಸಲ ನೋಡಿ ಮನೆಗೆ ಕಳಿಸಿದರು, ನೋವು ಹೆಚ್ಚಾಗಿ ಅದೇ ದಿನ ಮತ್ತೆ ಬಂದರು. ಮಗು ಉಳಿಯುವುದಿಲ್ಲ ಎಂಬುದು ಆಗಲೇ ಗೊತ್ತಾಯಿತು. ಅಂದು ಮಧ್ಯರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ನೀರು ಒಡೆಯಿತು. ಮಂಗಳವಾರ ಸವಿತಾ ಕೇಳಿದರು: ಹೇಗೂ ಉಳಿಯುವುದಿಲ್ಲವಲ್ಲ, ಇದನ್ನು ಮುಗಿಸಿಕೊಡಿ. ಭ್ರೂಣದ ಎದೆಬಡಿತ ಇನ್ನೂ ಇದೆ, ಕಾನೂನು ಒಪ್ಪುವುದಿಲ್ಲ ಎಂದು ಉತ್ತರ ಬಂತು. ಬುಧವಾರ ಬೆಳಗಿನ ಜಾವ ನಾಲ್ಕೂಕಾಲರ ಸುಮಾರಿಗೆ ಅವರು ಚಳಿಯಿಂದ ನಡುಗುತ್ತಿದ್ದರು. ಹೊದೆಯಲು ಇನ್ನೊಂದು ಕಂಬಳಿ, ನುಂಗಲು ಪ್ಯಾರಸಿಟಮಾಲ್ ಸಿಕ್ಕಿತು. ಆರೂವರೆ ಹೊತ್ತಿಗೆ ನಾಡಿ 160, ಜ್ವರ 39.6 ಡಿಗ್ರಿ, ಅಂದರೆ ನಮ್ಮ ಲೆಕ್ಕದಲ್ಲಿ 103ರ ಮೇಲೆ. ನಂಜು ಮೈಯೆಲ್ಲ ಏರಿತ್ತು. 28ರ ಭಾನುವಾರ ನಸುಕಿನ 1 ಗಂಟೆ 9 ನಿಮಿಷಕ್ಕೆ ತೀರಿಕೊಂಡರು.

ಈ ನಾಲ್ಕೈದು ದಿನದಲ್ಲಿ ವೈದ್ಯರ ಯೋಜನೆ ಎಂಬುದೊಂದಿತ್ತು. ‘ಕಾದು ನೋಡೋಣ’ ಎಂಬುದೇ ಆ ಯೋಜನೆ. ಕನ್ನಡದಲ್ಲಿ ‘ಕಾಯು’ ಎಂಬ ಒಂದೇ ಕ್ರಿಯಾಪದಕ್ಕೆ ಎರಡು ಕೆಲಸ; ಹೊಲ ಕಾಯುತ್ತೇವೆ, ಬಸ್ಸಿಗೂ ಕಾಯುತ್ತೇವೆ. ಜೀವ ಕಾಯುವ ಕಾನೂನು ಎಂದು ಬರೆದವರಿಗೆ ಮೊದಲ ಅರ್ಥ ಮನಸ್ಸಿನಲ್ಲಿತ್ತು. ವಾರ್ಡಿಗೆ ಬರುವಷ್ಟರಲ್ಲಿ ಎರಡನೆಯದು ಉಳಿಯಿತು.

ಹೆರಿಗೆ ಮಾಡಿಸಿ ಗೊತ್ತಿರುವ ಯಾರನ್ನು ಕೇಳಿದರೂ ನೀರು ಒಡೆದ ಮೇಲೆ ಹೊತ್ತು ಮಾಡಬಾರದು ಎನ್ನುತ್ತಾರೆ. ಅದಕ್ಕೆ ಕಾರಣ ಸರಳ. ಕೂಸಿನ ಸುತ್ತಲ ನೀರಿನ ಚೀಲ ಬೇಲಿಯ ಹಾಗೆ; ಅದು ಹರಿದರೆ ಹೊರಗಿನ ರೋಗಾಣು ಗರ್ಭಕೋಶಕ್ಕೆ ನೇರ ದಾರಿ ಹಿಡಿಯುತ್ತದೆ. ತಿಂಗಳು ತುಂಬುತ್ತ ಬಂದ ಬಸಿರಾದರೆ ಕೂಸನ್ನು ಹೊರತೆಗೆದು ಇಬ್ಬರನ್ನೂ ಉಳಿಸಬಹುದು. 17 ವಾರದ ಭ್ರೂಣ ಹೊರಗೆ ಬದುಕುವುದಿಲ್ಲ, ಯಾವ ದೇಶದ ಯಂತ್ರವೂ ಅದನ್ನು ಉಳಿಸದು. ಒಳಗೆ ಸೋಂಕು ಹುಟ್ಟಿದ ಮೇಲೆ ಬರೀ ಆ್ಯಂಟಿಬಯಾಟಿಕ್ ಸಾಲದು, ಸೋಂಕಿನ ಮನೆಯನ್ನೇ ಖಾಲಿ ಮಾಡಬೇಕು. ನಂಜಿನ ಗುಣ ಏನೆಂದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಏರಿ ‘ಇಗೋ, ಈಗ ಜೀವಕ್ಕೆ ಅಪಾಯ’ ಎಂದು ಸಾರಿ ಹೇಳುವುದಿಲ್ಲ. ಎಳೆಯ ಗಟ್ಟಿ ದೇಹ ಗಂಟೆಗಟ್ಟಲೆ ತಡೆದುಕೊಂಡಿರುತ್ತದೆ, ತಡೆಯಲಾಗದೆ ಹೋದಾಗ ಒಮ್ಮೆಲೇ ಕುಸಿಯುತ್ತದೆ. ರಕ್ತದೊತ್ತಡ ಇಳಿದು, ಮೂತ್ರಪಿಂಡ ಕೈಕೊಟ್ಟು, ಕಾಗದದ ಮೇಲೆ ಅಪಾಯ ಸಾಬೀತಾಗುವ ಹೊತ್ತಿಗೆ ಚಿಕಿತ್ಸೆಯ ಒಳ್ಳೆಯ ಗಳಿಗೆ ಕಳೆದುಹೋಗಿರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಗಾದೆ ನಗುವುದಕ್ಕೆ ಹುಟ್ಟಿದ್ದು. ಇಲ್ಲಿ ಅದೇ ಗಾದೆಯನ್ನು ಕಲಮು ಮಾಡಿ ಬರೆದಿಟ್ಟಿದ್ದರು.

ಇನ್ನೊಂದು ಮಾತು, ನಮ್ಮ ಭಾಷೆಯಿಂದಲೇ. ಮನೆಯಲ್ಲಿ ಹೆಂಗಸರು ‘ಅಬಾರ್ಷನ್ ಆಯ್ತು’ ಎನ್ನುವುದೂ ಉಂಟು, ‘ಅಬಾರ್ಷನ್ ಮಾಡಿಸಿದರು’ ಎನ್ನುವುದೂ ಉಂಟು. ‘ಆಯ್ತು’ ಎಂದರೆ ಕನಿಕರ, ‘ಮಾಡಿಸಿದರು’ ಎಂದರೆ ಹುಬ್ಬು ಮೇಲೇರುತ್ತದೆ. ಕಾನೂನಿನ ಕಟ್ಟಡವೆಲ್ಲ ಈ ಎರಡು ಕ್ರಿಯಾಪದಗಳ ನಡುವೆ ಎಳೆದ ಗೆರೆಯ ಮೇಲೆ ನಿಂತಿದೆ. ಸವಿತಾ ಇದ್ದದ್ದು ಗೆರೆಯ ಮೇಲೆಯೇ. ತಾನಾಗಿ ಶುರುವಾಗಿತ್ತು, ತಾನಾಗಿ ಮುಗಿಯುತ್ತಿರಲಿಲ್ಲ. ಆಗುತ್ತಿರುವುದನ್ನು ಬೇಗ ಆಗಿಸಿಕೊಡಿ ಎಂದು ಅವರು ಕೇಳಿದ್ದು. ಕಾನೂನಿನ ಕಿವಿಗೆ ಅದು ‘ಮಾಡಿಸು’ ಎಂದೇ ಕೇಳಿಸಿತು. ತಾಯಿಯೋ ಮಗುವೋ ಎಂಬ ಧರ್ಮಸಂಕಟದ ಬಗ್ಗೆ ಬರೆದವರು ಬಹಳ. ಇಲ್ಲಿ ಆ ಸಂಕಟವೇ ಇರಲಿಲ್ಲ. ಮಗು ಹೋಗುವುದು ನಿಶ್ಚಯವಾಗಿತ್ತು. ತಾಯಿಯೂ ಹೋಗಬೇಕೇ ಎಂಬುದಷ್ಟೇ ಉಳಿದಿದ್ದ ಪ್ರಶ್ನೆ.

ನವೆಂಬರ್ ಮಧ್ಯದಲ್ಲಿ ಐರಿಷ್ ಟೈಮ್ಸ್ ಪತ್ರಿಕೆ ಸುದ್ದಿ ಹೊರತಂದಿತು. ನಮ್ಮ ಕಡೆಯ ಸಿಟ್ಟು ಬಹುಪಾಲು ಒಂದೇ ವಾಕ್ಯದ ಸುತ್ತ ಸುತ್ತಿತು: ಇದು ಕ್ಯಾಥೊಲಿಕ್ ದೇಶ ಎಂದು ದಾದಿಯೊಬ್ಬರು ಸವಿತಾಗೆ ಹೇಳಿದ್ದರು, ಸಾವಿನ ಕುರಿತು ಗಾಲ್ವೇಯಲ್ಲಿ ನಡೆದ ವಿಚಾರಣೆಯಲ್ಲಿ ಅವರೇ ಅದನ್ನು ಒಪ್ಪಿಕೊಂಡರು. ಪರದೇಶದ ಮತವೊಂದು ನಮ್ಮ ಹುಡುಗಿಯನ್ನು ಕೊಂದಿತು, ಊರಲ್ಲಿದ್ದಿದ್ದರೆ ಉಳಿಯುತ್ತಿದ್ದಳು ಎಂದು ನಾವು ತೀರ್ಪು ಕೊಟ್ಟು ಮುಗಿಸಿದೆವು. ಸಿಟ್ಟು ನ್ಯಾಯವಾದದ್ದೇ. ಆದರೆ ಬರೀ ಮತವನ್ನು ಬೈದರೆ ಅಪರಾಧಿ ಅರ್ಧ ತಪ್ಪಿಸಿಕೊಳ್ಳುತ್ತಾನೆ. ಆ ವೈದ್ಯರು ನೋಡಿದ್ದು ಬೈಬಲ್ ಅಲ್ಲ, ದಂಡಸಂಹಿತೆ. ದೇವರನ್ನೇ ನಂಬದ ವೈದ್ಯ ಆ ಕುರ್ಚಿಯಲ್ಲಿದ್ದರೂ ಕೈಕಟ್ಟುತ್ತಿದ್ದದ್ದು ಅದೇ.

ಐರ್ಲೆಂಡಿನಲ್ಲಿ ಇದಕ್ಕೆ ಎದುರಾದ ವಾದವೊಂದಿತ್ತು, ಅದು ಗಟ್ಟಿಯಾದದ್ದು. ಸವಿತಾ ಸತ್ತಿದ್ದು ನಂಜಿನಿಂದ, ಆಸ್ಪತ್ರೆಯ ಅಸಡ್ಡೆಯಿಂದ; ಕಾನೂನನ್ನು ಎಳೆದು ತರಬೇಡಿ ಎಂಬ ವಾದ. ಸುಳ್ಳಲ್ಲ. ಭಾನುವಾರ ತೆಗೆದ ರಕ್ತದ ಪರೀಕ್ಷೆಯಲ್ಲೇ ಬಿಳಿ ರಕ್ತಕಣ ಹೆಚ್ಚಿದ್ದವು, ಆ ವರದಿಯ ಬೆನ್ನು ಯಾರೂ ಹತ್ತಲಿಲ್ಲ. ನೀರು ಒಡೆದ ಮೇಲೆ ನಾಲ್ಕು ಗಂಟೆಗೊಮ್ಮೆ ನೋಡಬೇಕಾದ ನಾಡಿ, ಜ್ವರ, ರಕ್ತದೊತ್ತಡ ಹಾಗೆ ನೋಡಲಿಲ್ಲ. ಬುಧವಾರ ನಸುಕಿನಲ್ಲಿ ಕಿರಿಯ ವೈದ್ಯರು ಬರೆದಿಟ್ಟ ದುರ್ವಾಸನೆಯ ಸ್ರಾವದ ಟಿಪ್ಪಣಿ ಹಿರಿಯ ವೈದ್ಯೆಯ ಕಣ್ಣಿಗೆ ಬೀಳಲಿಲ್ಲ. ಉಳಿಸಬಹುದಾಗಿದ್ದ 13 ಅವಕಾಶಗಳು ಕೈಜಾರಿದವು ಎಂದು ಅಲ್ಲಿನ ಆರೋಗ್ಯ ಗುಣಮಟ್ಟದ ಪ್ರಾಧಿಕಾರ 2013ರ ಅಕ್ಟೋಬರಿನಲ್ಲಿ ಎಣಿಸಿ ಹೇಳಿತು. ಅದಕ್ಕೂ ಮೊದಲೇ, ಏಪ್ರಿಲಿನಲ್ಲಿ, ಗಾಲ್ವೇಯ ಜ್ಯೂರಿ ಇದನ್ನು ವೈದ್ಯಕೀಯ ಅವಘಡವೆಂದು ಒಮ್ಮತದಿಂದ ತೀರ್ಮಾನಿಸಿತ್ತು.

ಆದರೂ ಅಸಡ್ಡೆ ಒಂದು ಕಡೆ, ಕಾನೂನು ಇನ್ನೊಂದು ಕಡೆ ಎಂದು ಹಂಚಿ ಹಾಕುವುದು ಸಾಧ್ಯವಿಲ್ಲ. ಸುಮ್ಮನಿರುವುದೇ ಚಿಕಿತ್ಸೆ ಎಂದು ಮೊದಲೇ ನಿಶ್ಚಯವಾದ ವಾರ್ಡಿನಲ್ಲಿ ನೋಡುವ ಕಣ್ಣು ತಾನಾಗಿ ಸಡಿಲಾಗುತ್ತದೆ. ಕ್ರಮ ಕೈಗೊಳ್ಳಲಾಗದವನು ಎಚ್ಚರವಿದ್ದು ಮಾಡುವುದಾದರೂ ಏನು? ಸಬಾರತ್ನಂ ಅರುಳ್‌ಕುಮಾರನ್ ಅವರ ಅಧ್ಯಕ್ಷತೆಯ ತನಿಖಾ ವರದಿ ಇದನ್ನು ಮುಚ್ಚಿಡಲಿಲ್ಲ. ಗರ್ಭಪಾತದ ಕಾನೂನನ್ನು ವೈದ್ಯರು ಅರ್ಥಮಾಡಿಕೊಂಡ ರೀತಿ, ಸ್ಪಷ್ಟ ಮಾರ್ಗಸೂಚಿ ಇಲ್ಲದ್ದು, ಎರಡೂ ಈ ಸಾವಿಗೆ ಕಾರಣವಾದವುಗಳಲ್ಲಿ ಸೇರಿವೆ ಎಂದಿತು. ಗಾಲ್ವೇಯ ವಿಚಾರಣೆಗೆ ಸಾಕ್ಷಿ ಹೇಳಲು ಬಂದ ಹಿರಿಯ ಪ್ರಸೂತಿ ತಜ್ಞ ಪೀಟರ್ ಬಾಯ್ಲನ್ ಇನ್ನೂ ನೇರವಾಗಿ ಹೇಳಿದರು. ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ದರೆ ಆಕೆ ಬಹುಮಟ್ಟಿಗೆ ಬದುಕುತ್ತಿದ್ದರು; ಆದರೆ ಅಂದು ಆಕೆಗೆ ಸಾಯುವ ಅಪಾಯ ಇರಲಿಲ್ಲವಾದ್ದರಿಂದ ಕಾನೂನು ಬಿಡುತ್ತಿರಲಿಲ್ಲ; ಕಾನೂನು ಬಿಡುವ ಸ್ಥಿತಿ ಬುಧವಾರ ಬಂದಾಗ ಹೊತ್ತು ಮೀರಿತ್ತು. ಈ ಸಾಕ್ಷ್ಯದ ಆಚೆಗೆ ನನ್ನ ವಾದಕ್ಕೆ ಹೆಚ್ಚಿನ ಆಧಾರ ಬೇಕಿಲ್ಲ.

ಆ ಕಾನೂನು ಯಾವುದು? ವಿಚಿತ್ರವೆಂದರೆ ಅದರ ಬೇರು ನಮ್ಮ ಹಿತ್ತಲಲ್ಲೂ ಇದೆ. ಬ್ರಿಟಿಷರು 1860ರಲ್ಲಿ ನಮಗೆ ಭಾರತೀಯ ದಂಡಸಂಹಿತೆ ಕೊಟ್ಟರು, ಮರುವರ್ಷ ಐರ್ಲೆಂಡೂ ಸೇರಿ ತಮ್ಮ ದ್ವೀಪಗಳಿಗೆ ದೇಹದ ಮೇಲಿನ ಅಪರಾಧಗಳ ಕಾಯ್ದೆ ಮಾಡಿಕೊಂಡರು. ನಮ್ಮ 312ನೇ ಕಲಮಿನಲ್ಲಿ ಹೆಂಗಸಿನ ಜೀವ ಉಳಿಸಲು ಸದ್ಭಾವನೆಯಿಂದ ಮಾಡಿದರೆ ಅಪರಾಧವಲ್ಲ ಎಂಬ ವಿನಾಯಿತಿ ಇತ್ತು. 1861ರ ಕಾಯ್ದೆಯಲ್ಲಿ ಅಷ್ಟೂ ಇರಲಿಲ್ಲ. 1938ರಲ್ಲಿ ಲಂಡನ್ನಿನ ಅಲೆಕ್ ಬೋರ್ನ್ ಎಂಬ ಶಸ್ತ್ರವೈದ್ಯ ಸೈನಿಕರಿಂದ ಅತ್ಯಾಚಾರಕ್ಕೊಳಗಾದ 14ರ ಬಾಲೆಯ ಗರ್ಭ ತೆಗೆದು, ತಾನೇ ಪೊಲೀಸರಿಗೆ ತಿಳಿಸಿ, ಕಟಕಟೆ ಹತ್ತಿದ. ನ್ಯಾಯಮೂರ್ತಿ ಮ್ಯಾಕ್‌ನಾಟನ್ ಜ್ಯೂರಿಗೆ ತಿಳಿಹೇಳಿದ್ದರ ಸಾರ ಇಷ್ಟು: ಜೀವಕ್ಕೆ ಅಪಾಯ, ಆರೋಗ್ಯಕ್ಕೆ ಅಪಾಯ ಎಂದು ಎರಡಾಗಿ ಸೀಳಲು ಬರುವುದಿಲ್ಲ, ರೋಗಿ ಸಾವಿನ ಬಾಗಿಲಿಗೆ ಬರುವ ತನಕ ವೈದ್ಯ ಕಾಯಬೇಕಾಗಿಲ್ಲ. ಬೋರ್ನ್ ಖುಲಾಸೆಯಾದ. ಸವಿತಾ ಸಾಯುವುದಕ್ಕೆ 74 ವರ್ಷ ಮೊದಲೇ ಒಬ್ಬ ನ್ಯಾಯಾಧೀಶರಿಗೆ ಅರ್ಥವಾಗಿದ್ದ ಸಂಗತಿ ಇದು.

ಐರ್ಲೆಂಡ್ ಹೋದದ್ದು ಎದುರು ದಿಕ್ಕಿಗೆ. 1983ರ ಜನಮತಗಣನೆಯಲ್ಲಿ ಶೇಕಡಾ ಸುಮಾರು 67 ಮತ ಪಡೆದು ಸಂವಿಧಾನದ ಎಂಟನೇ ತಿದ್ದುಪಡಿ ಬಂತು, ಹುಟ್ಟದ ಜೀವಕ್ಕೂ ತಾಯಿಗೂ ಬದುಕುವ ಹಕ್ಕು ಸಮಾನ ಎಂದಿತು. 1992ರಲ್ಲಿ 14ರ ಇನ್ನೊಬ್ಬ ಬಾಲೆ, ಇನ್ನೊಂದು ಅತ್ಯಾಚಾರ. ಗರ್ಭಪಾತಕ್ಕೆ ಇಂಗ್ಲೆಂಡಿಗೆ ಹೋಗದಂತೆ ಸರ್ಕಾರವೇ ತಡೆಯಾಜ್ಞೆ ತಂದಿತ್ತು, ಆಕೆ ಸಾಯುವ ಮಾತಾಡುತ್ತಿದ್ದಳು. ತಾಯಿಯ ಜೀವಕ್ಕೆ ನೈಜವೂ ಗಣನೀಯವೂ ಆದ ಅಪಾಯವಿದ್ದರೆ, ಅದು ಆತ್ಮಹತ್ಯೆಯ ಅಪಾಯವಾದರೂ, ಗರ್ಭಪಾತ ಕಾನೂನುಬದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿತು. ‘ನೈಜ ಮತ್ತು ಗಣನೀಯ’ ಎಂದು ಬರೆಯುವುದು ಸುಲಭ. ಹಾಸಿಗೆ ಪಕ್ಕದಲ್ಲಿ ನಿಂತವರಿಗೆ ಅದು ಎಷ್ಟು? ನೂರಕ್ಕೆ ಹತ್ತೋ, ಐವತ್ತೋ, ಎಂಬತ್ತೋ? ಶಾಸನಸಭೆ 21 ವರ್ಷ ಬಾಯಿ ಬಿಡಲಿಲ್ಲ. ಅಪರೂಪದ ಕ್ಯಾನ್ಸರಿನಿಂದ ಸುಧಾರಿಸಿಕೊಂಡಿದ್ದ ಒಬ್ಬ ಹೆಂಗಸು ಬಸಿರಾಗಿ, ಇದರಿಂದ ತನ್ನ ಜೀವಕ್ಕೆ ಅಪಾಯವಿದೆಯೇ, ಇದ್ದರೆ ತನಗೆ ಕಾನೂನು ಅನ್ವಯಿಸುತ್ತದೆಯೇ ಎಂದು ತಿಳಿದುಕೊಳ್ಳುವ ದಾರಿಯೇ ಇಲ್ಲದೆ ಇಂಗ್ಲೆಂಡಿಗೆ ಹೋಗಿ ಬಂದರು. ಇದು ತಪ್ಪು ಎಂದು ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2010ರ ಡಿಸೆಂಬರಿನಲ್ಲಿ ಹೇಳಿತು.

ಇಂಗ್ಲೆಂಡಿನ ದಾರಿ ಎಂದೆನಲ್ಲ, ಅದರ ಒಳಗುಟ್ಟು ಗಮನಿಸಬೇಕು. ವರ್ಷಕ್ಕೆ ಸಾವಿರಾರು ಐರಿಷ್ ಹೆಂಗಸರು ಹಡಗೋ ವಿಮಾನವೋ ಹತ್ತಿ ಹೋಗಿ ಗರ್ಭ ತೆಗೆಸಿಕೊಂಡು ಬರುತ್ತಿದ್ದರು. ಬೇಡದ ಬಸಿರಿನವರಿಗೆ, ಕೈಯಲ್ಲಿ ದುಡ್ಡಿದ್ದು ಮೈ ಗಟ್ಟಿಯಿದ್ದವರಿಗೆ, ದಾರಿ ಇತ್ತು. ದಾರಿ ಇಲ್ಲದ್ದು ಕೂಸು ಬೇಕೆಂದು ಕಾದಿದ್ದ, ನೀರು ಒಡೆದು ಹಾಸಿಗೆ ಹಿಡಿದವರಿಗೆ. ಗರ್ಭಪಾತ ತಡೆಯಲೆಂದು ಮಾಡಿದ ಕಾನೂನು ಕೊನೆಗೆ ಬಿಗಿಯಾಗಿ ಹಿಡಿದದ್ದು ತಾಯಾಗಲು ಬಯಸಿದವರನ್ನೇ. ಬಳ್ಳಿಗೆ ಕಾಯಿ ಭಾರವೇ ಎಂದು ನಮ್ಮವರೂ ಕೇಳುತ್ತಾರೆ. ಬಳ್ಳಿಯ ಬುಡವೇ ಕೊಳೆಯುತ್ತಿದ್ದರೆ ಏನು ಮಾಡಬೇಕೆಂದು ಆ ಗಾದೆ ಹೇಳುವುದಿಲ್ಲ.

ಸವಿತಾ ಸಾವಿನ ಬಿಸಿಯಲ್ಲಿ 2013ರ ಜುಲೈನಲ್ಲಿ ಐರ್ಲೆಂಡ್ ಒಂದು ಕಾಯ್ದೆ ಮಾಡಿತು. ಹೆಸರು, ಗರ್ಭಾವಸ್ಥೆಯಲ್ಲಿ ಜೀವರಕ್ಷಣಾ ಕಾಯ್ದೆ. ದೇಹದ ಕಾಯಿಲೆಯಿಂದ ಜೀವಕ್ಕೆ ಅಪಾಯವಾದರೆ ಇಬ್ಬರು ವೈದ್ಯರ ಒಪ್ಪಿಗೆ, ತುರ್ತಾದರೆ ಒಬ್ಬರದು ಸಾಕು. ಆತ್ಮಹತ್ಯೆಯ ಅಪಾಯವಾದರೆ ಮೂವರು, ಅದರಲ್ಲಿ ಇಬ್ಬರು ಮನೋವೈದ್ಯರು. ಮೀರಿದರೆ 14 ವರ್ಷ ಜೈಲು. ಸಂಸತ್ತಿನ ಜಗಳವೆಲ್ಲ ಆತ್ಮಹತ್ಯೆಯ ಕಲಮಿನ ಮೇಲೆ ನಡೆಯಿತು. ಹೆಂಗಸರು ಸುಳ್ಳು ಹೇಳಿ ಗರ್ಭ ತೆಗೆಸಿಕೊಂಡಾರು ಎಂಬ ಭಯ. ನಂಜು, ನೀರು ಒಡೆಯುವುದು, ಎಷ್ಟು ಗಂಟೆ ಕಾಯಬೇಕು ಎಂಬ ಗಾಲ್ವೇ ವಾರ್ಡಿನ ಪ್ರಶ್ನೆಗೆ ಕಾಯ್ದೆ ಕೈ ಹಾಕಲೇ ಇಲ್ಲ. ‘ಆರೋಗ್ಯ’ ಎಂಬ ಪದ ಒಳಗೆ ಬಾರದ ಹಾಗೆ ಬಾಗಿಲು ಕಾದರು. ಈ ಕಾಯ್ದೆ ಜಾರಿಗೆ ಬಂದ 2014ರಲ್ಲಿ ನಡೆದ ಗರ್ಭಪಾತ 26, ಮರುವರ್ಷವೂ 26, 2016ರಲ್ಲಿ 25. ಎಷ್ಟು ಕಟ್ಟುನಿಟ್ಟು ನೋಡಿ ಎಂದು ಕೆಲವರು ಇದನ್ನೇ ಹೆಮ್ಮೆಯಿಂದ ತೋರಿಸಿದರು.

2014ರಲ್ಲೇ ಈ ಕಾನೂನಿನ ಮುಖ ಎರಡು ಸಲ ಕಂಡಿತು. ಆಶ್ರಯ ಕೇಳಿ ಬಂದ ಯುವತಿಯೊಬ್ಬಳು ಅತ್ಯಾಚಾರದಿಂದ ಬಸಿರಾಗಿ, ಸಾಯುತ್ತೇನೆಂದು ಊಟ ನೀರು ಬಿಟ್ಟರೂ ದಿನ ಮುಂದೆ ಹೋಗಿ, ಕೊನೆಗೆ ಸಿಸೇರಿಯನ್ ಮಾಡಿ ಮಗು ತೆಗೆದರು. ಆ ಡಿಸೆಂಬರಿನಲ್ಲಿ ಮೆದುಳು ಸತ್ತ ಗರ್ಭಿಣಿಯ ದೇಹವನ್ನು ಮೂರು ವಾರಕ್ಕೂ ಹೆಚ್ಚು ಯಂತ್ರದ ಮೇಲೆ ಇಟ್ಟಿದ್ದರು, ನಿಲ್ಲಿಸಿದರೆ ಸಂವಿಧಾನಕ್ಕೆ ಅಪಚಾರವಾದೀತೇನೋ ಎಂಬ ಅಂಜಿಕೆಯಿಂದ. ಆಕೆಯ ತಂದೆ ಕೋರ್ಟಿಗೆ ಹೋಗಬೇಕಾಯಿತು. ಕ್ರಿಸ್‌ಮಸ್ ಮರುದಿನ ಹೈಕೋರ್ಟ್ ಅನುಮತಿ ಕೊಟ್ಟಿತು.

ಐರ್ಲೆಂಡ್ ಪಾಠ ಕಲಿತರೂ ಪಾಠ ಬೇರೆಡೆ ಹರಡಲಿಲ್ಲ. 2021ರಲ್ಲಿ ಪೋಲೆಂಡಿನ ಪ್ಶ್‌ಚಿನಾ ಊರಿನಲ್ಲಿ 30ರ ಹೆಂಗಸೊಬ್ಬರು, 22 ವಾರ, ನೀರು ಒಡೆದು, ವೈದ್ಯರು ಕಾಯುತ್ತಿದ್ದಾರೆಂದು ಹಾಸಿಗೆಯಿಂದ ತಾಯಿಗೆ ಮೆಸೇಜು ಕಳಿಸುತ್ತ ನಂಜಿನಿಂದ ಸತ್ತರು. ಮರುವರ್ಷ ಟೆಕ್ಸಾಸಿನಲ್ಲಿ ಅಮಾಂಡಾ ಜುರಾವ್‌ಸ್ಕಿಗೆ 18ನೇ ವಾರದಲ್ಲಿ ನೀರು ಒಡೆಯಿತು. ನಂಜು ಏರಿದ ಮೇಲೆಯೇ ಚಿಕಿತ್ಸೆ ಸಿಕ್ಕಿದ್ದು. ಬದುಕಿದರು, ರಾಜ್ಯದ ಮೇಲೆ ದಾವೆ ಹೂಡಿದರು. ವಿನಾಯಿತಿ ಸಾಕಷ್ಟು ಸ್ಪಷ್ಟವಾಗಿದೆ ಎಂದು 2024ರ ಮೇನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಓದಿದರೆ ಸ್ಪಷ್ಟವೇ. ತಪ್ಪಿದರೆ ವೈದ್ಯನಿಗೆ ಜೀವಾವಧಿ ಜೈಲಿನವರೆಗೂ ಶಿಕ್ಷೆ ಇರುವಾಗ ಯಾರು ಎಷ್ಟು ಸ್ಪಷ್ಟವಾಗಿ ಓದಿಯಾರು?

ಇನ್ನು ‘ಊರಲ್ಲಿದ್ದಿದ್ದರೆ ಉಳಿಯುತ್ತಿದ್ದಳು’ ಎಂಬ ನಮ್ಮ ಮಾತು. ಕಾನೂನಿನ ಮಟ್ಟಿಗೆ ನಿಜ. 1964ರಲ್ಲಿ ನೇಮಿಸಿದ ಶಾಂತಿಲಾಲ್ ಶಾ ಸಮಿತಿಯ ವರದಿಯ ಮೇಲೆ 1971ರಲ್ಲಿ ನಾವು ಗರ್ಭಪಾತಕ್ಕೆ ಷರತ್ತಿನ ಅನುಮತಿ ಕೊಡುವ ಎಂಟಿಪಿ ಕಾಯ್ದೆ ಮಾಡಿಕೊಂಡೆವು. ಜೀವಕ್ಕೆ ಅಪಾಯ ಎಂಬುದರ ಪಕ್ಕದಲ್ಲೇ ದೈಹಿಕ ಅಥವಾ ಮಾನಸಿಕ ಆರೋಗ್ಯಕ್ಕೆ ತೀವ್ರ ಹಾನಿ ಎಂಬ ಮಾತು ಬಂತು. ಆ ‘ಅಥವಾ’ ಎಷ್ಟು ಹೆಂಗಸರನ್ನು ಉಳಿಸಿದೆಯೋ ಲೆಕ್ಕವಿಟ್ಟವರಿಲ್ಲ. 17 ವಾರದಲ್ಲಿ ನೀರು ಒಡೆದವಳಿಗೆ ಇಲ್ಲಿ ಯಾವ ಕೋರ್ಟಿನ ಗೊಡವೆಯೂ ಇಲ್ಲ.

ಆದರೆ ನಮ್ಮ ಕಾಯ್ದೆಯ ಕಟ್ಟೋಣ ನೋಡಿ. ದಂಡಸಂಹಿತೆಯ ಅಪರಾಧವನ್ನು ಅದು ಅಳಿಸಲಿಲ್ಲ, ವೈದ್ಯನಿಗೆ ಕೊಡೆ ಹಿಡಿಯಿತು ಅಷ್ಟೇ. 312 ಈಗ ನ್ಯಾಯ ಸಂಹಿತೆಯ 88 ಆಗಿ ಹೆಸರು ಬದಲಿಸಿಕೊಂಡು ಕೂತಿದೆ. ಕೊಡೆಯೂ ವಾರ ಕಳೆದಂತೆ ಕಿರಿದಾಗುತ್ತದೆ. 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರು, ಕೆಲವು ವರ್ಗದವರಿಗೆ 24ರವರೆಗೆ ಇಬ್ಬರು, ಅದರಾಚೆ ಭ್ರೂಣಕ್ಕೆ ಗಂಭೀರ ದೋಷವಿದ್ದರೆ ಮೆಡಿಕಲ್ ಬೋರ್ಡು. ಇದ್ಯಾವುದಕ್ಕೂ ಬಾರದಿದ್ದರೆ ಉಳಿಯುವುದು ಐದನೇ ಕಲಮು: ಹೆಂಗಸಿನ ಜೀವ ಉಳಿಸಲು ತಕ್ಷಣ ಅಗತ್ಯವಾದರೆ ವಾರದ ಮಿತಿಯಿಲ್ಲ. ತಕ್ಷಣ, ಜೀವ. ‘ಆರೋಗ್ಯ’ ಇಲ್ಲಿ ಜಾರಿಹೋಗಿದೆ. 24 ವಾರ ದಾಟಿದ ಮೇಲೆ ನಾವೂ ಗಾಲ್ವೇಯ ಆ ಕಟ್ಟೆಯ ಮೇಲೆಯೇ ಕೂತಿದ್ದೇವೆ.

ಸಂಶಯವಿದ್ದರೆ 2023ರ ಅಕ್ಟೋಬರ್ ನೆನಪಿಸಿಕೊಳ್ಳಿ. ಎರಡು ಮಕ್ಕಳ ತಾಯಿ, 27 ವರ್ಷ, ಎರಡನೇ ಹೆರಿಗೆಯ ನಂತರದ ಮನೋರೋಗಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದಾಕೆ. ಎದೆಹಾಲು ಕುಡಿಸುವಾಗ ಮುಟ್ಟು ನಿಂತಿರುವುದು ಸಹಜ, ಹಾಗಾಗಿ ಬಸಿರಾಗಿದ್ದು ಗೊತ್ತಾಗುವಾಗ 24 ವಾರ ಕಳೆದಿತ್ತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಮೊದಲು ಒಪ್ಪಿದರು. ಭ್ರೂಣಕ್ಕೆ ಬದುಕುವ ಸಾಧ್ಯತೆಯಿದೆ ಎಂದು ಏಮ್ಸ್‌ನ ವೈದ್ಯರು ಬರೆದ ಮೇಲೆ ಅದೇ ಇಬ್ಬರು ಒಡೆದು ಎರಡಾದರು. ಆಕೆಯ ನಿರ್ಧಾರವನ್ನು ಮನ್ನಿಸಬೇಕೆಂದು ನಿಂತವರು ನಮ್ಮ ಕರ್ನಾಟಕದ ನ್ಯಾ. ಬಿ.ವಿ. ನಾಗರತ್ನ. ಅಕ್ಟೋಬರ್ 16ರಂದು ಮೂವರ ಪೀಠ ಅನುಮತಿ ನಿರಾಕರಿಸಿತು. ಆಕೆಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಆದ್ದರಿಂದ ಐದನೇ ಕಲಮು ಹೊಂದುವುದಿಲ್ಲ ಎಂಬುದು ಕೊಟ್ಟ ಕಾರಣಗಳಲ್ಲೊಂದು. 26 ವಾರ ದಾಟಿದ ಭ್ರೂಣದ ಪ್ರಶ್ನೆ 17 ವಾರದ್ದಕ್ಕಿಂತ ಕಠಿಣ, ಒಪ್ಪುತ್ತೇನೆ. ಆ ತೀರ್ಪಿಗೆ ಬೇರೆ ಸಮರ್ಥನೆಗಳೂ ಇದ್ದಾವು. ಆದರೆ ಆ ಒಂದು ವಾಕ್ಯ ಮಾತ್ರ ನನಗೆ ಹಳೆಯ ಪರಿಚಯದ್ದು.

ಐರ್ಲೆಂಡ್ 2018ರ ಮೇ 25ರಂದು ಎಂಟನೇ ತಿದ್ದುಪಡಿಯನ್ನು ಕಿತ್ತುಹಾಕಿತು, ನೂರಕ್ಕೆ 66ಕ್ಕೂ ಹೆಚ್ಚು ಮತದಿಂದ. ಮತದಾನಕ್ಕೆ ಮೊದಲು ಬೆಳಗಾವಿಯಿಂದ ಸವಿತಾ ತಂದೆ ಆ ದೇಶದ ಜನಕ್ಕೆ ಮಗಳನ್ನು ನೆನೆದು ಮತ ಹಾಕಿ ಎಂದು ಕೇಳಿಕೊಂಡಿದ್ದರು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬಿಡಿಸಿದ ಸವಿತಾ ಚಿತ್ರದ ಸುತ್ತ ಜನ ಚೀಟಿ ಅಂಟಿಸಿ ಹೋದರು, ಕ್ಷಮಿಸು ಎಂಬ ಚೀಟಿಗಳು. 2019ರ ಮೊದಲ ದಿನ ಜಾರಿಯಾದ ಹೊಸ ಕಾಯ್ದೆ 12 ವಾರದವರೆಗೆ ಕಾರಣ ಕೇಳುವುದಿಲ್ಲ. ಆಮೇಲಿನದಕ್ಕೆ ತಾಯಿಯ ಜೀವಕ್ಕೆ ಅಪಾಯ ಎಂಬುದರ ಪಕ್ಕದಲ್ಲಿ, ಆರೋಗ್ಯಕ್ಕೆ ಗಂಭೀರ ಹಾನಿ ಎಂದು ಕೊನೆಗೂ ಬರೆದರು. ಮೀರಿದ ವೈದ್ಯರಿಗೆ 14 ವರ್ಷದ ಜೈಲು ಹಾಗೆಯೇ ಉಳಿದಿದೆ.

ವಿಚಾರಣೆಯಲ್ಲಿ ಹೊರಬಿದ್ದ ಒಂದು ವಿವರ ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಹಿರಿಯ ವೈದ್ಯೆ ಇನ್ನು ಕಾಯುವಂತಿಲ್ಲ, ಎದೆಬಡಿತ ಇರಲಿ ಬಿಡಲಿ ಗರ್ಭ ತೆಗೆಯಬೇಕು ಎಂದು ನಿರ್ಧರಿಸಿದ್ದರು. ಔಷಧಿ ಕೊಡುವ ಮೊದಲು ಸ್ಕ್ಯಾನ್ ಮಾಡಿದರು. ಎದೆಬಡಿತ ಅಷ್ಟರಲ್ಲಿ ನಿಂತುಹೋಗಿತ್ತು. ಕಾನೂನು ಕೊನೆಗೆ ಏನನ್ನೂ ಅನುಮತಿಸಬೇಕಾಗಿ ಬರಲಿಲ್ಲ. ಮೂರು ಗಂಟೆಯ ಸುಮಾರಿಗೆ ಗರ್ಭ ತಾನಾಗಿ ಇಳಿಯಿತು, ಸವಿತಾ ಅವರನ್ನು ತೀವ್ರ ನಿಗಾ ಘಟಕಕ್ಕೆ ಒಯ್ದರು. ಭಾನುವಾರದ ಆ ಒಂದು ಗಂಟೆ ಒಂಬತ್ತು ನಿಮಿಷಕ್ಕೆ ಇನ್ನೂ ಮೂರೂವರೆ ದಿನ ಇತ್ತು.